ಟೀಚರಮ್ಮ ಕೊಟ್ಟ ಒಂದು ಸಾಲು

ಮಕ್ಕಳೇ, ಹೋದ ತಿಂಗಳು ನಾನು ಬೆಳಗ್ಗೆಯೇ ಎದ್ದು ಒಬ್ಬಳೇ ಬಸ್ಸು ಹತ್ತಿ ಹೋಗಿ, ನೀವು ಸ್ಕೂಲಿನಿಂದ ಬರುವ ಹೊತ್ತಿಗೆ ವಾಪಸ್ಸು ಬಂದೆನಲ್ಲ, ಅವತ್ತು ಎಲ್ಲಿಗೆ ಹೋಗಿದ್ದೆ ಅಜ್ಜಿ ಅಂತ ನೀವಿಬ್ಬರೂ ಕೇಳಿದಿರಿ. ಕಣ್ಣಿನ ಡಾಕ್ಟರ ಹತ್ತಿರ ಅಂದೆ. ಅದು ಸುಳ್ಳು. ನಾನು ಹೋಗಿದ್ದು ಚಿನ್ನದ ಗಣಿಯ ಕೋರಮಂಡಲ್‌ಗೆ. ನನಗೆ ಓದು ಬರಹ ಕಲಿಸಿದ ಟೀಚರಮ್ಮ ತೀರಿಕೊಂಡಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದಲೂ ಆಗದ ಕೆಲಸ. ನಿಮ್ಮಿಬ್ಬರ ಮುಂದೆ ಕೂಡ ಆಗಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಅವರು ಮೂವತ್ತೇಳು ವರ್ಷ ಪಾಠ ಮಾಡಿದರೂ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೆ ಟೀಚರಮ್ಮ ಅನ್ನುತ್ತಿದ್ದರು. ಹಿಂದಿನಿಂದ ಬೇರೆ ಏನೋ ಅನ್ನುತ್ತಿದ್ದರು.

ಅವರು ಬಂದಾಗ ನನಗೆ ಎಂಟು ವರ್ಷ. ಅವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಕಡ್ಡಿಯಂಥ ಮೈ, ಜಡೆಯಲ್ಲಿ ಕನಕಾಂಬರ, ಕೈಯಲ್ಲಿ ಹಸಿರು ವೈರಿನಲ್ಲಿ ಹೆಣೆದ ಬ್ಯಾಗು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದರು. ಕೋರಮಂಡಲ್‌ನಲ್ಲಿ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿಕೊಟ್ಟ ಒಂದೊಂದು ಕೋಣೆಯ ಮನೆಗಳಿವೆ, ಲೈನು ಅನ್ನುತ್ತಾರೆ. ಅವರ ಮನೆ ಅಲ್ಲಿ. ಅವರ ಅಪ್ಪ ಭೂಮಿಯೊಳಗೆ ಇಳಿದು ಅದಿರಿನ ಟ್ರಾಲಿ ತಳ್ಳುತ್ತಿದ್ದವರು. ಮನೆಯಲ್ಲಿ ತಮಿಳು. ಮೊದಲ ದಿನವೇ ಊರಿನ ಹಿರಿಯರೊಬ್ಬರು ಸ್ಕೂಲಿನ ಮೆಟ್ಟಿಲ ಕೆಳಗೆ ನಿಂತು, "ನೀವು ಯಾವ ಜನ ಅಮ್ಮಯ್ಯ?" ಅಂತ ಕೇಳಿದರು.

"ಗಣಿ ಜನ" ಅಂದರು ಇವರು.

ನಮ್ಮ ಊರಿಗೆ ಆ ಉತ್ತರ ಸಾಲಲಿಲ್ಲ. ಸಂಜೆ ಬಸ್ಸಿನ ಕಂಡಕ್ಟರನ್ನು ಕೇಳಿ ಬೇಕಾದ್ದನ್ನು ತಿಳಿದುಕೊಂಡರು.

ಆಗ ನಮ್ಮ ಊರಿನಲ್ಲಿ ಮೇಷ್ಟ್ರಿಗೆ ಊಟದ ಸರದಿ ಅಂತ ಒಂದಿತ್ತು. ಪರಊರಿನಿಂದ ಬರುವ ಮೇಷ್ಟ್ರುಗಳಿಗೆ ದಿನಕ್ಕೊಂದು ಮನೆಯಿಂದ ಮಧ್ಯಾಹ್ನದ ಊಟ. ಮುದ್ದೆ, ಸಾರು, ಇದ್ದರೆ ಮಜ್ಜಿಗೆ. ಹೆಡ್ಮೇಷ್ಟ್ರು ಹದಿನೈದು ವರ್ಷದಿಂದ ಹಾಗೇ ಉಂಡುಕೊಂಡು ಬಂದಿದ್ದರು. ಟೀಚರಮ್ಮ ಬಂದ ವಾರದಲ್ಲೇ ನಮ್ಮ ಮನೆಯ ಸರದಿ ಬಂತು. ಅಮ್ಮ ಒಂದೇ ಕ್ಯಾರಿಯರ್ ಕಟ್ಟಿದಳು. ಇಬ್ಬರಿದ್ದಾರಲ್ಲಮ್ಮ ಅಂದೆ. "ಆವಮ್ಮ ಬುತ್ತಿ ತಂದಿರ್ತಾಳೆ ಓಗು" ಅಂದಳು. ನಾನು ಹೋಗಿ ಕ್ಯಾರಿಯರನ್ನು ಹೆಡ್ಮೇಷ್ಟ್ರ ಮೇಜಿನ ಮೇಲಿಟ್ಟು, ಟೀಚರಮ್ಮನ ಕಡೆ ನೋಡಲಾರದೆ ಅಲ್ಲೇ ನಿಂತುಬಿಟ್ಟೆ. ಎಂಟು ವರ್ಷದ ಹುಡುಗಿಗೂ ಅದು ಸರಿಯಿಲ್ಲ ಅಂತ ಗೊತ್ತಾಗಿತ್ತು. ಅವರು ತಮ್ಮ ಡಬ್ಬಿಯ ಮುಚ್ಚಳ ತೆಗೆದು, ನನ್ನನ್ನು ನೋಡಿ ನಕ್ಕರು.

"ನಂಗೆ ಮುದ್ದೆ ನುಂಗಕ್ಕೆ ಬರಲ್ಲ ಕಣ್ಣು. ಗಂಟಲಲ್ಲಿ ನಿಂತ್ಕೊಳ್ಳುತ್ತೆ. ಅದಕ್ಕೇ ನಾನೇ ಬೇಡ ಅಂದಿದೀನಿ."

ಮಕ್ಕಳನ್ನೆಲ್ಲ ಅವರು ಕಣ್ಣು ಅಂತಲೇ ಕರೆಯುತ್ತಿದ್ದರು. ಅವರ ತಮಿಳಿನಲ್ಲಿ ಅದು ಮುದ್ದಿನ ಮಾತು. ನಾನು ಮನೆಗೆ ಬಂದು, ಟೀಚರಮ್ಮನಿಗೆ ಮುದ್ದೆ ಆಗುವುದಿಲ್ಲವಂತೆ ಅಂದೆ. ಅಮ್ಮನಿಗೂ ಸಮಾಧಾನ, ಇಡೀ ಊರಿಗೂ ಸಮಾಧಾನ. ಮೂವತ್ತೇಳು ವರ್ಷ ಎಲ್ಲರೂ ಅದನ್ನೇ ಹೇಳಿಕೊಂಡು ತಿರುಗಿದರು, ಪಾಪ, ಆವಮ್ಮನಿಗೆ ಮುದ್ದೆ ಆಗಲ್ಲ ಅಂತ.

ನೀರನ್ನೂ ಅವರು ಮನೆಯಿಂದಲೇ ತರುತ್ತಿದ್ದರು, ಒಂದು ಬಿಳಿ ಕ್ಯಾನಿನಲ್ಲಿ. ಬೇತಮಂಗಲದ ಕೆರೆಯಿಂದ ಗಣಿ ಊರಿಗೆ ನೀರು ಹೋಗುವ ಪೈಪು ನಮ್ಮ ಹೊಲದ ಬದುವಿನ ಮೇಲೇ ಹಾಯುತ್ತದೆ, ನೀವು ಅದರ ಮೇಲೆ ನಡೆದು ಆಡಿದ್ದೀರಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬಸ್ಸಿನಿಂದ ಇಳಿದ ಅವರು ಆ ಕ್ಯಾನನ್ನು ನನ್ನ ಕೈಗೆ ಕೊಟ್ಟು, "ನೋಡು, ನಿಮ್ಮ ನೀರು. ರಾತ್ರಿ ಪೈಪಲ್ಲಿ ನಮ್ಮೂರಿಗೆ ಬಂತು, ಬೆಳಗ್ಗೆ ಬಸ್ಸಲ್ಲಿ ನಿಮ್ಮೂರಿಗೆ ಬಂತು. ನನಗಿಂತ ಜಾಸ್ತಿ ಓಡಾಡುತ್ತೆ ಇದು" ಅಂದರು. ನಾನು ನಕ್ಕೆ. ಅವರು ತಮಾಷೆ ಮಾಡಿದರು ಅಂದುಕೊಂಡಿದ್ದೆ.

ಅವರು ಹೊಡೆದದ್ದು ನಾನು ನೋಡಿಲ್ಲ. ಮೊದಮೊದಲು ಹುಡುಗರು ಅವರ ಕನ್ನಡ ಕೇಳಿ ಕಿಸಕ್ ಅನ್ನುತ್ತಿದ್ದರು. ಒಂದು ದಿನ ಅವರು, "ನನ್ನ ಮಾತಲ್ಲಿ ತಪ್ಪು ಬಂದ್ರೆ ಕೈ ಎತ್ತಿ ಹೇಳ್ರಪ್ಪ, ತಿದ್ಕೊಳ್ತೀನಿ" ಅಂದರು. ಹುಡುಗರು ಹುರುಪಿನಿಂದ ಕೈ ಎತ್ತತೊಡಗಿದರು. ತಪ್ಪು ಹಿಡಿಯಬೇಕಲ್ಲ, ಅದಕ್ಕಾಗಿ ಅವರ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದರು. ಆರು ತಿಂಗಳಲ್ಲಿ ಅವರ ಕನ್ನಡವೂ ಸುಧಾರಿಸಿತು, ಹುಡುಗರ ಕನ್ನಡವೂ ಸುಧಾರಿಸಿತು.

ನನ್ನ ಕಷ್ಟ ಬೇರೆ. ದಿನಕ್ಕೊಬ್ಬರು ಎದ್ದು ನಿಂತು ಕೊನೆಯ ಸಾಲಿನವರಿಗೆ ಕೇಳುವಂತೆ ಪಾಠ ಓದಬೇಕಿತ್ತು. ನನ್ನ ದಿನ ಬಂದರೆ ನನಗೆ ಜ್ವರ ಬರುತ್ತಿತ್ತು. ನಿಜವಾಗಿಯೂ ಮೈ ಬಿಸಿಯಾಗುತ್ತಿತ್ತು. ಅವರು ನನ್ನನ್ನು ಗದರಿಸಲಿಲ್ಲ. ತೋಳು ಹಿಡಿದು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

"ಗೋಡೆಗೆ ಓದು ಕಣ್ಣು. ಗೋಡೆ ನಗಲ್ಲ."

ಅದು ಕಲ್ಲು ಚಪ್ಪಡಿಯ ಗೋಡೆ, ಮೇಲೆ ಸುಣ್ಣ. ಅದರ ಮೇಲೆ ಎಲ್ಲಿ ಬಿರುಕಿತ್ತು, ಎಲ್ಲಿ ಸುಣ್ಣ ಉದುರಿ ಆನೆಯ ಸೊಂಡಿಲಿನ ಹಾಗೆ ಕಾಣುತ್ತಿತ್ತು, ಇವತ್ತೂ ಹೇಳಬಲ್ಲೆ. ಮೂರು ವರ್ಷ ನಾನು ಗೋಡೆಗೆ ಓದಿದೆ. ಹಿಂದಿನಿಂದ ಅವರ ದನಿ ಬರುತ್ತಿತ್ತು. ಇನ್ನೂ ಜೋರಾಗಿ. ಇನ್ನೂ ಸ್ವಲ್ಪ. ಆಮಾ, ಹೌದು, ಈಗ ಕೇಳಿಸ್ತು. ತಿರುಗಿ ನಿಂತು ಓದು ಅಂತ ಒಂದು ದಿನವೂ ಹೇಳಲಿಲ್ಲ. ತಾನಾಗಿ ತಿರುಗುತ್ತಾಳೆ ಅಂತ ಕಾಯುತ್ತಿದ್ದರೋ ಏನೋ. ನಾನು ತಿರುಗಲಿಲ್ಲ. ಏಳನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಬಿಡಿಸಿದರು. ಆಮೇಲೆ ಅದೇ ಊರಿನಲ್ಲಿ ಅತ್ತೆಯ ಮಗನಿಗೆ, ಅಂದರೆ ನಿಮ್ಮ ತಾತನಿಗೆ, ಕೊಟ್ಟರು.

ಆ ಸ್ಕೂಲಿಗೆ ಮರದ ತೊಲೆ ಇರಲಿಲ್ಲ. ಗಣಿಯಲ್ಲಿ ಸವೆದು ಬಿಸಾಡಿದ ಟ್ರಾಲಿ ಹಳಿಗಳನ್ನೇ ಊರಿನವರು ಎತ್ತಿನ ಗಾಡಿಯಲ್ಲಿ ತಂದು ತೊಲೆ ಮಾಡಿ, ಮೇಲೆ ಹೆಂಚು ಹೊದಿಸಿದ್ದರು. ಪಾಠದ ನಡುವೆ ಟೀಚರಮ್ಮ ಕೆಲವು ಸಲ ತಲೆ ಎತ್ತಿ ಆ ಹಳಿಗಳನ್ನು ನೋಡುತ್ತಿದ್ದರು. "ನಮ್ಮಪ್ಪ ಇದರ ಮೇಲೆ ತಳ್ಳಿದ್ರು. ನಾನು ಇದರ ಕೆಳಗೆ ಕೂತಿದೀನಿ" ಅಂತ ಒಮ್ಮೆ ಅಂದರು. ಹೆಮ್ಮೆಯಿಂದಲೇ ಅಂದರು.

ತಡವಾಗಿ ಬಂದವರು ಬಾಗಿಲ ಹತ್ತಿರದ ಕಂಬದ ಪಕ್ಕ ಹತ್ತು ನಿಮಿಷ ನಿಲ್ಲಬೇಕು ಅನ್ನುವುದು ಅವರ ಕಾನೂನು. ಗಣಿ ಮುಚ್ಚಿದಾಗ ನನ್ನ ಮಗಳು, ನಿಮ್ಮ ಅತ್ತೆ, ಆ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಗಣಿಯ ಗೇಟಿಗೆ ಬೀಗ ಬಿದ್ದ ಮರುದಿನ ಟೀಚರಮ್ಮ ತಡವಾಗಿ ಬಂದರಂತೆ. ಅವರ ಇಬ್ಬರು ಅಣ್ಣಂದಿರ ಕೆಲಸ ಹೋಗಿತ್ತು. ಬಂದವರು ಒಳಗೆ ಹೋಗದೆ, ಬ್ಯಾಗು ಕೆಳಗಿಟ್ಟು, ಆ ಕಂಬದ ಪಕ್ಕ ತಾವೇ ನಿಂತುಕೊಂಡರಂತೆ. ಹತ್ತು ನಿಮಿಷ ಆದ ಮೇಲೆ ಒಳಗೆ ಬಂದು, ಎಲ್ಲಿಗೆ ನಿಲ್ಲಿಸಿದ್ದೆವು ಅಂತ ಕೇಳಿ ಪಾಠ ಶುರು ಮಾಡಿದರು. ನಿಮ್ಮ ಅತ್ತೆ ಮನೆಗೆ ಬಂದು ಇದನ್ನು ಹೇಳುವಾಗ ಅಳುತ್ತಿದ್ದಳು. ಯಾಕೆ ಅಳುತ್ತೀಯೆ ಅಂದರೆ ಗೊತ್ತಿಲ್ಲ ಅಂದಳು.

ಇನ್ನು ಬಿಸಿಯೂಟದ ಕತೆ. ಸ್ಕೂಲಿನಲ್ಲಿ ಸರ್ಕಾರದ ಊಟ ಶುರುವಾದಾಗ ಅಡುಗೆಗೆ ಸೇರಿದವಳು ಕಾಲೋನಿಯ ಹೆಂಗಸು. ಕಾಲೋನಿ ಅಂದರೆ ನಿಮಗೆ ಗೊತ್ತು, ಊರಿನಾಚೆ ಮೋರಿ ದಾಟಿದರೆ ಸಿಗುವ ಮನೆಗಳು. ಮೊದಲ ದಿನವೇ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತಂದರು. ನಾನೂ ನಿಮ್ಮ ಅತ್ತೆಗೆ ಕಟ್ಟಿ ಕಳಿಸಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆ ಹೊತ್ತಿಗೆ ಟೀಚರಮ್ಮನೇ ಹೆಡ್ಮಿಸ್ಸು. ಎರಡನೇ ದಿನ ಮಧ್ಯಾಹ್ನ, "ಇವತ್ತು ಕೂಟಾಂಜೋರು ಆಡೋಣ" ಅಂದರು. ಲೈನಿನ ಮಕ್ಕಳು ಮನೆಮನೆಯಿಂದ ಅನ್ನ ತಂದು ಒಟ್ಟಿಗೆ ಕಲಸಿ ತಿನ್ನುವ ಆಟವಂತೆ ಅದು. ಎಲ್ಲರ ಡಬ್ಬಿಯ ಮುಚ್ಚಳ ತೆಗೆಸಿದರು. ಸ್ಕೂಲಿನ ಅನ್ನ, ಸಾರು, ಡಬ್ಬಿಗಳಲ್ಲಿದ್ದ ಚಿತ್ರಾನ್ನ, ಉಪ್ಪಿಟ್ಟು, ರೊಟ್ಟಿ ಚೂರು ಎಲ್ಲವನ್ನೂ ಒಂದು ದೊಡ್ಡ ಪಾತ್ರೆಗೆ ಹಾಕಿ ಕೈಯಲ್ಲೇ ಕಲಸಿ, ಮೊದಲ ತುತ್ತು ತಾವು ತಿಂದು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದರು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ತಿಂದರಂತೆ.

ಸಂಜೆ ನಿಮ್ಮ ಚಿಕ್ಕ ತಾತ, ನಿಮ್ಮ ತಾತನ ತಮ್ಮ, ಆರೇಳು ಜನರನ್ನು ಕಟ್ಟಿಕೊಂಡು ಬಸ್‌ಸ್ಟಾಪಿಗೆ ಹೋಗಿ ಅವರನ್ನು ತಡೆದರು.

"ಏನ್ ಟೀಚರಮ್ಮ, ನಮ್ ಮಕ್ಳಿಗೆ ಏನೇನೋ ಕಲ್ಸಿ ತಿನ್ನಿಸಿದ್ರಂತೆ?"

"ಆಟ ಕಣಪ್ಪ ಅದು. ನೀನೂ ಬಾ ನಾಳೆ. ನೀನು ಎರಡನೇ ಕ್ಲಾಸಲ್ಲಿ ಇದ್ದಾಗ ಪಕ್ಕದವನ ಡಬ್ಬಿ ಕದ್ದು ತಿಂತಿದ್ದೆ, ಮರೆತ್ಯಾ?"

ಜೊತೆಗೆ ಹೋದವರೇ ನಕ್ಕುಬಿಟ್ಟರು. ನಿಮ್ಮ ಚಿಕ್ಕ ತಾತ ನಗಲಿಲ್ಲ. ಒಂದು ವಾರ ಆಟ ನಡೆಯಿತು. ಆಮೇಲೆ ಯಾರೂ ಡಬ್ಬಿ ಕಟ್ಟಲಿಲ್ಲ. ಕಟ್ಟಿ ಏನು ಉಪಯೋಗ? ಹೀಗೆ ನಮ್ಮ ಊರಿನಲ್ಲಿ ಎಲ್ಲ ಮನೆಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ತಿಂದ ಜಾಗ ಅಂತ ಇದ್ದದ್ದು ಅದೊಂದೇ, ಆ ಹಳಿಗಳ ಕೆಳಗಿನ ಹಜಾರ.

ಅವರು ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ ಹೊಸ ಸ್ಕೂಲಿನ ಮಾತು ಬಂತು. ಹೆಂಚು ಸೋರುತ್ತಿತ್ತು. ಹೊಸ ಕಟ್ಟಡ ಮಂಜೂರಾಯಿತು, ಜಾಗ ರೋಡಿನ ಪಕ್ಕದ ಗೋಮಾಳದಲ್ಲಿ. ಹಳೆಯದನ್ನು ಏನು ಮಾಡುವುದು ಅನ್ನುವುದೇ ಊರಿಗೆ ದೊಡ್ಡ ಚರ್ಚೆ. ಆಗ ನಾನು ಪಂಚಾಯಿತಿ ಮೆಂಬರು. ನಿಮಗೆ ನಗು ಬರಬಹುದು. ಸೀಟು ಹೆಂಗಸರಿಗೆ ಬಂದಿತ್ತು. ನಿಮ್ಮ ತಾತ ಹೋಗಿ ವರ್ಷವಾಗಿತ್ತು. ನಿಮ್ಮ ಚಿಕ್ಕ ತಾತ ಬಂದು, "ಅತ್ತಿಗೆ, ನೀವು ಸುಮ್ನೆ ಒಂದು ಸೈನ್ ಆಕಿ, ಮಿಕ್ಕಿದ್ದೆಲ್ಲಾ ನಾನು ನೋಡ್ಕೊಂತೀನಿ" ಅಂದರು. ಗೆದ್ದವಳು ನಾನು, ಮೆಂಬರ್ ಆದವರು ಅವರು. ಸಭೆಗಳಲ್ಲಿ ನನ್ನ ಕುರ್ಚಿಯ ಹಿಂದೆ ಅವರ ಕುರ್ಚಿ.

ಹಳೇ ಸ್ಕೂಲನ್ನು ಸಮುದಾಯ ಭವನ ಮಾಡಿಸಬೇಕು, ಮದುವೆ ಮುಂಜಿ ನಡೆಸಲು, ಅನ್ನುವುದು ಅವರ ಆಸೆ. ಸಭೆಗೆ ಎರಡು ದಿನ ಮುಂಚೆ ಟೀಚರಮ್ಮ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತರು. ಎಷ್ಟು ಸಲ ಬಂದರೂ ಅವರು ಜಗಲಿ ದಾಟಿದವರಲ್ಲ, ನಾನೂ ಒಳಗೆ ಬನ್ನಿ ಅಂದವಳಲ್ಲ. ಅಡಿಗೆಮನೆಯಲ್ಲಿ ನಿಮ್ಮ ಮುತ್ತಜ್ಜಿ ಇನ್ನೂ ಬದುಕಿದ್ದಳು ಅನ್ನುವುದು ಆಗ ನಾನು ಹೇಳಿಕೊಳ್ಳುತ್ತಿದ್ದ ನೆಪ. ಅವರು ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ತೆಗೆದು ಕೊಟ್ಟರು. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರ.

"ಈ ಕಟ್ಟಡವನ್ನು ಊರಿನ ಮತ್ತು ಕಾಲೋನಿಯ ಯಾವ ಮನೆಯವರು ಕೇಳಿದರೂ ಕೊಡತಕ್ಕದ್ದು, ಇಲ್ಲಿ ಯಾರು ಬೇಕಾದರೂ ಅಡುಗೆ ಮಾಡಬಹುದು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡಬೇಕು."

"ಭವನ ಬೇಡ ಅನ್ನಲ್ಲ ನಾನು" ಅಂದರು. "ಮೂವತ್ತೇಳು ವರ್ಷ ಸೋರಿದ ನೀರು ಗುಡಿಸಿದೀನಿ, ಹೊಸ ಸ್ಕೂಲು ಬೇಕೇ ಬೇಕು. ಇದನ್ನ ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಈ ಒಂದು ಸಾಲು ಠರಾವಲ್ಲಿ ಸೇರಿಸು. ನೀನು ಮೆಂಬರು. ನೀನು ಓದಿದ್ರೆ ಬರ್ಕೊಳ್ಳಲೇಬೇಕು. ಭಾಷಣ ಬೇಡ ಕಣ್ಣು. ಒಂದು ಸಾಲು ಓದು, ಸಾಕು."

ಆಯಿತು ಅಂದೆ. ಆಯಿತು ಅನ್ನುವುದು ನನಗೆ ಸುಲಭ.

ಆ ಚೀಟಿಯನ್ನು ನಿಮ್ಮ ಚಿಕ್ಕ ತಾತನಿಗೆ ತೋರಿಸಿದವಳು ನಾನೇ. ಅವರು ಓದಿ ಕೋಪ ಮಾಡಿಕೊಳ್ಳಲಿಲ್ಲ. ತಣ್ಣಗೆ ಹೇಳಿದರು: "ಅತ್ತಿಗೆ, ಇದೆಲ್ಲಾ ಕಾನೂನಲ್ಲೇ ಐತೆ. ಐತೋ ಇಲ್ವೋ? ಮತ್ತೆ ನಾವು ಬರ್ದ್ರೆ, ನಮ್ಮೂರಲ್ಲಿ ಏನೋ ಭೇದ ಐತೆ ಅಂತ ನಾವೇ ಒಪ್ಕೊಂಡಂಗಾಯ್ತದೆ. ಊರ್ ಮರ್ವಾದೆ ನೋಡಿ." ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಭೆಗೆ ಹೋದೆ.

ಸಭೆ ನಡೆದದ್ದು ಆ ಹಜಾರದಲ್ಲೇ. ಟೀಚರಮ್ಮ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲರಿಗೂ ಟೀ ಬಂತು, ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಬಂದ ಮೇಲೆ ನಮ್ಮ ಊರಿನ ಎಷ್ಟೋ ಕಷ್ಟ ತೀರಿಹೋಯಿತು. ಯಾವ ಲೋಟ ಯಾರಿಗೆ ಅಂತ ಯೋಚಿಸುವ ಕೆಲಸವಿಲ್ಲ, ಕುಡಿದು ಬಿಸಾಡಿದರೆ ಆಯಿತು, ಎಲ್ಲರೂ ಒಂದೇ ಅನ್ನಬಹುದು.

ಒಬ್ಬರು ಹಾಲಿನ ಡೈರಿಗೆ ಕೊಡಿ ಅಂದರು. ಒಬ್ಬ ಹುಡುಗ ಎದ್ದು, "ಜಿಮ್ಮು ಮಾಡ್ರಣ್ಣ" ಅಂದ.

"ಮನೇಲಿ ಸಗಣಿ ಬುಟ್ಟಿ ಎತ್ಲಾ, ಅದೇ ಜಿಮ್ಮು" ಅಂದ ಅವನ ದೊಡ್ಡಪ್ಪ.

ನಗು ನಿಂತ ಮೇಲೆ ನಿಮ್ಮ ಚಿಕ್ಕ ತಾತ ಭವನದ ಮಾತು ಎತ್ತಿದರು. ಬಾಗಿಲ ಹತ್ತಿರ ನಿಂತಿದ್ದ ಕಾಲೋನಿಯವನೊಬ್ಬ, ಅವನು ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು, ಮೆಲ್ಲಗೆ ಕೇಳಿದ: "ಭವನ ಅಂದ್ರೆ ನಮ್ಗೂನಾ ಸ್ವಾಮಿ?"

"ಯಾರ್ ಬ್ಯಾಡ ಅಂದ್ರಪ್ಪಾ?" ಅಂದರು ಚಿಕ್ಕ ತಾತ.

ಆಗ ಟೀಚರಮ್ಮ ಎದ್ದರು. "ಹಾಗಾದ್ರೆ ಅದನ್ನ ಬರೆದುಬಿಡಿ. ಯಾರೂ ಬೇಡ ಅನ್ನದೇ ಇರೋದನ್ನ ಬರೆಯೋಕೆ ಕಷ್ಟ ಏನು?"

"ಕಾನೂನಲ್ಲಿ ಇರೋದ್ನ ಯಾಕ್ ಬರೀಬೇಕು ಟೀಚರಮ್ಮ? ಗಾಳಿ ಎಲ್ರಿಗೂ ಸೇರಿದ್ದು ಅಂತ ಬರೀತೀವಾ?"

"ಗಾಳಿಗೆ ಬೀಗ ಹಾಕಕ್ಕಾಗಲ್ಲಪ್ಪ. ಇದಕ್ಕೆ ಹಾಕ್ತೀರ."

ಎಲ್ಲರೂ ನನ್ನ ಕಡೆ ನೋಡಿದರು. ಪಂಚಾಯಿತಿಯ ಸೆಕ್ರೆಟರಿ ಬರೆದು ತಂದಿದ್ದ ಠರಾವನ್ನು ನನ್ನ ಕೈಗೆ ಕೊಟ್ಟು, "ಮೆಂಬರಮ್ಮ ಓದ್ತಾರೆ, ಎಲ್ಲರೂ ಕೇಳಿ" ಅಂದರು. ನಾನು ಎದ್ದು ನಿಂತೆ. ಎದುರಿಗೆ ಆ ಗೋಡೆ ಇತ್ತು. ಅದರ ಮುಂದೆ ಟೀಚರಮ್ಮ ನಿಂತಿದ್ದರು. ಸೊಂಟದಲ್ಲಿ ಚೀಟಿಯ ಮೂಲೆ ಚುಚ್ಚುತ್ತಿತ್ತು. ನನ್ನ ಹಿಂದೆ ಕುರ್ಚಿ ಒಮ್ಮೆ ಕಿರುಗುಟ್ಟಿತು, ಅಷ್ಟೇ.

ಠರಾವಿನಲ್ಲಿ ಏನಿತ್ತೋ ಅದನ್ನು ಓದಿದೆ. ಅದರಲ್ಲಿ ಇಲ್ಲದ್ದನ್ನು ಓದಲಿಲ್ಲ. ಆಶ್ಚರ್ಯವೆಂದರೆ ದನಿ ನಡುಗಲಿಲ್ಲ. ಜನರ ಕಡೆ ಮುಖ ಮಾಡಿ, ಕೊನೆಯ ಸಾಲಿಗೂ ಕೇಳುವಂತೆ, ಜೀವಮಾನದಲ್ಲಿ ಮೊದಲ ಸಲ ಓದಿದೆ. ಚಪ್ಪಾಳೆ ಹೊಡೆದರು. ಸೈನ್ ಹಾಕಿದೆ.

ಹೊರಗೆ ಹೋಗುವಾಗ ಟೀಚರಮ್ಮ ನನ್ನ ಹತ್ತಿರ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಚೆನ್ನಾಗಿ ಓದಿದೆ ಕಣ್ಣು" ಅಂದರು. "ಕೊನೇವರೆಗೂ ಕೇಳಿಸ್ತು."

ವೈರ್ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೋದರು.

ಭವನ ಆಯಿತು. ಹೆಂಚು ತೆಗೆದು ಶೀಟು ಹಾಕಿ, ಕೆಳಗೆ ಬಿಳಿಯ ಸೀಲಿಂಗು ಮಾಡಿಸಿದರು. ಹಳಿಗಳು ಅದರ ಮೇಲೆ ಮುಚ್ಚಿಹೋಗಿವೆ. ಗೋಡೆಗೆ ಗುಲಾಬಿ ಬಣ್ಣ. ಇವತ್ತಿನವರೆಗೂ ಆ ಭವನವನ್ನು ಯಾರಿಗೂ ಕೊಡುವುದಿಲ್ಲ ಅಂತ ಯಾರೂ ಹೇಳಿಲ್ಲ. ನನ್ನ ಜೊತೆ ಓದಿದ ಆ ಕಾಲೋನಿಯವನು ಮಗಳ ಮದುವೆಗೆ ಕೇಳಿದ. ಯಾರು ಬೇಡ ಅಂದರು, ತಗೋ ಅಂದರು. ಬೀಗದ ಕೈ ಮಾತ್ರ ಸಿಗಲಿಲ್ಲ. ಮೊದಲ ದಿನ ಚಿಕ್ಕ ತಾತನ ಹತ್ತಿರ ಇದೆ ಅಂದರು, ಅವರು ಬಂಗಾರಪೇಟೆಗೆ ಹೋಗಿದ್ದರು. ಎರಡನೇ ದಿನ ಸೆಕ್ರೆಟರಿ ಹತ್ತಿರ ಅಂದರು, ಅವರು ರಜ. ಮೂರನೇ ದಿನ ಅವನು ಕೇಳುವುದನ್ನು ಬಿಟ್ಟು ಮೋರಿಯ ಪಕ್ಕ ಶಾಮಿಯಾನ ಹಾಕಿಸಿದ. ಆ ಬೀಗದ ಕೈ ಮೂರು ದಿನವೂ ನಮ್ಮ ಮನೆಯ ದೇವರ ಗೂಡಿನಲ್ಲಿ ನೇತಾಡುತ್ತಿತ್ತು. ನಾನು ಬೆಳಗ್ಗೆ ಸಂಜೆ ಅದರ ಪಕ್ಕದಲ್ಲೇ ದೀಪ ಹಚ್ಚಿದೆ.

ಚಿಕ್ಕವನೇ, ನಿನ್ನ ಕಿವಿ ಚುಚ್ಚಿಸಿದ್ದು ಆ ಭವನದಲ್ಲಿ. ಅವತ್ತು ಬೀಗದ ಕೈ ಒಂದೇ ಸಲಕ್ಕೆ ಸಿಕ್ಕಿತು. ಟೀಚರಮ್ಮನಿಗೆ ನಾನೇ ಕಾರ್ಡು ಕಳಿಸಿದ್ದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದರು. ದೊಡ್ಡವಳೇ, ನಿನ್ನ ಕೆನ್ನೆ ಹಿಡಿದು, ಓದ್ತೀಯಾ, ಜೋರಾಗಿ ಓದ್ತೀಯಾ ಅಂತ ಕೇಳಿದ ಬಿಳಿ ಕೂದಲಿನ ಅಜ್ಜಿ, ನೆನಪಿದೆಯಾ? ನೀನು ಮೇಜಿನ ಮೇಲಿಟ್ಟುಕೊಂಡಿರುವ ದಪ್ಪನೆಯ ಕನ್ನಡ ನಿಘಂಟು ಅವರು ತಂದದ್ದು. ಅವರು ಒಳಗೆ ಬಂದು ತಲೆ ಎತ್ತಿ ನೋಡಿದರು. ಹಳಿ ಕಾಣಲಿಲ್ಲ. ಊಟಕ್ಕೆ ಎಲೆ ಹಾಕಿದಾಗ ನಾನು ಒಳಗೆ ಬಡಿಸುವವರ ಹತ್ತಿರ ಇದ್ದೆ. ಈಚೆ ಬರುವಷ್ಟರಲ್ಲಿ ಯಾರೋ ಅವರ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟಿದ್ದರು. "ಟೀಚರಮ್ಮಂಗೆ ಬಸ್ಸಿಗೆ ಒತ್ತಾಯ್ತಂತೆ, ಅದ್ಕೆ ಪಾರ್ಸಲ್ ಮಾಡ್ಸಿದೀನಿ" ಅಂದರು ನಿಮ್ಮ ಚಿಕ್ಕ ತಾತ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅವರು ನನ್ನ ಕಡೆ ನೋಡಿ ಕವರನ್ನು ಸ್ವಲ್ಪ ಎತ್ತಿ ತೋರಿಸಿ, "ಒಳ್ಳೇದೇ ಆಯ್ತು, ಮನೇಲಿ ಎಲ್ಲರೂ ತಿಂತೀವಿ" ಅಂದು ಮೆಟ್ಟಿಲು ಇಳಿದರು. ಒಂದೂವರೆ ಗಂಟೆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದರು. ಭವನದ ಕಿಟಕಿಯಿಂದ ಕಾಣುತ್ತಿತ್ತು.

ಹೊಸ ಸ್ಕೂಲು ಚೆನ್ನಾಗಿದೆ. ಸೋರುವುದಿಲ್ಲ. ಅಲ್ಲಿ ಓದುವುದು ಕಾಲೋನಿಯ ಮಕ್ಕಳು ಮಾತ್ರ. ಸಭೆಯಲ್ಲಿ ಚಪ್ಪಾಳೆ ಹೊಡೆದವರ ಮಕ್ಕಳು, ಮೊಮ್ಮಕ್ಕಳು, ನೀವೂ ಸೇರಿ, ಹಳದಿ ವ್ಯಾನಿನಲ್ಲಿ ಬಂಗಾರಪೇಟೆಯ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತೀರಿ. ಡಬ್ಬಿ ಕಟ್ಟಿಕೊಂಡು.

ಟೀಚರಮ್ಮ ಹೋದರು ಅಂತ ನನಗೆ ಹೇಳಿದವನು ಅದೇ ಕಾಲೋನಿಯವನು. ಅವನು ಮಣ್ಣಿಗೆ ಹೋಗಿ ಬಂದಿದ್ದ. ನಾನು ಹೋದದ್ದು ಐದನೆಯ ದಿನ. ಲೈನಿನ ಮನೆಗಳ ಹಿಂದೆ ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬ ಬೆಟ್ಟದ ಹಾಗೆ ನಿಂತಿದೆ. ಗಾಳಿ ಬೀಸಿದರೆ ಧೂಳೆಲ್ಲ ಮನೆಯೊಳಗೆ. ಇಷ್ಟು ವರ್ಷದಲ್ಲಿ ನಾನು ಅವರ ಮನೆ ನೋಡಿದ್ದು ಅದೇ ಮೊದಲು. ಒಂದೇ ಕೋಣೆ, ಮುಂದೆ ತಗಡಿನ ಇಳಿಜಾರು. ಫೋಟೋಗೆ ಕನಕಾಂಬರದ ಹಾರ. ಹಸಿರು ವೈರ್ ಬ್ಯಾಗು ಮೊಳೆಗೆ ನೇತುಹಾಕಿತ್ತು. ಅಣ್ಣನ ಮಗಳು, ಮೂವತ್ತು ವರ್ಷದವಳಿರಬೇಕು, ನನಗೆ ಚಾಪೆ ಹಾಸಿದಳು. ಕೊನೆಗೆ ಊಟ ಮಾಡುತ್ತಿದ್ದರಾ ಅಂತ ಕೇಳಿದೆ, ಬೇರೆ ಏನು ಕೇಳಬೇಕೋ ತಿಳಿಯದೆ.

"ಮಾಡ್ತಿದ್ರಮ್ಮ. ದಿನಾ ರಾತ್ರಿ ಮುದ್ದೆ ಬೇಕು ಅತ್ತೆಗೆ. ಚಿಕ್ಕೋರಿದ್ದಾಗಿಂದ ಹಂಗೇ ಅಂತೆ. ಅನ್ನ ಕೊಟ್ರೆ ಮುಟ್ತಾ ಇರ್ಲಿಲ್ಲ, ಹಠ."

ಅವಳು ಕಾಫಿ ತಂದಳು. ಅಲ್ಲಿ ಕೂತಿದ್ದ ನೆಂಟರಿಗೆಲ್ಲ ಸ್ಟೀಲ್ ಲೋಟದಲ್ಲಿ ಕೊಟ್ಟಳು. ನನಗೆ ಮಾತ್ರ ಪೇಪರ್ ಕಪ್ಪಿನಲ್ಲಿ. ಕವರಿನೊಳಗಿನಿಂದ ಆಗಷ್ಟೇ ತೆಗೆದ ಹೊಸ ಕಪ್ಪು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳು ಸಮಾಧಾನ ಹೇಳುವ ದನಿಯಲ್ಲಿ ಅಂದಳು:

"ಕುಡೀರಮ್ಮ, ಪರವಾಗಿಲ್ಲ. ಅತ್ತೆ ಆಸ್ಪತ್ರೇಲಿ ಇದ್ದಾಗಲೇ ಹೇಳಿದ್ರು. ನಾನು ಹೋದ್ರೆ ಆ ಊರಿಂದ ಯಾರಾದ್ರೂ ಬರಬಹುದು, ಒಂದು ಕಟ್ಟು ಪೇಪರ್ ಕಪ್ಪು ತಂದಿಟ್ಟಿರು, ಲೋಟದಲ್ಲಿ ಕೊಟ್ಟು ಅವರನ್ನ ಕಷ್ಟಕ್ಕೆ ಸಿಕ್ಕಿಸಬೇಡ ಅಂತ."

ನನಗೂ ಲೋಟದಲ್ಲಿ ಕೊಡಮ್ಮ. ಅಷ್ಟು ಹೇಳಿದ್ದರೆ ಸಾಕಿತ್ತು. ಆ ಮಾತು ಗಂಟಲವರೆಗೆ ಬಂತು, ಅಲ್ಲೇ ನಿಂತಿತು. ಪೇಪರ್ ಕಪ್ಪಿನಲ್ಲೇ ಕುಡಿದು ಎದ್ದು ಬಂದೆ. ಕಟ್ಟಿನಲ್ಲಿ ಉಳಿದ ಕಪ್ಪುಗಳು ಕಿಟಕಿಯ ಮೇಲೆ ಹಾಗೇ ಇದ್ದವು. ನಮ್ಮ ಊರಿನಿಂದ ಊರೊಳಗಿನವರು ಅಂತ ಹೋದವಳು ನಾನೊಬ್ಬಳೇ.

ಅವರ ಚೀಟಿ ನಿಘಂಟಿನೊಳಗೆ ಇಟ್ಟಿದ್ದೇನೆ. ಬೀಗದ ಕೈ ಎಲ್ಲಿದೆ ಅಂತ ಈಗ ನಿಮಗೂ ಗೊತ್ತು.